ಬಿದಿರ ಕಡ್ಡಿ

ಮೇ ತಿಂಗಳ ಮೊದಲ ವಾರ. ಫ್ರೀಸ್‌ಲಾಂಡಿನ ಹುಲ್ಲು
ಕಡಲಿಗಿಂತ ತಗ್ಗಿನಲ್ಲಿ ಮಲಗಿ ಮೈ ನೆನೆಸಿಕೊಂಡಿದೆ.
ಹೆಗಲ ಮೇಲೆ ಉದ್ದ ಗಳ, ಕಾಲುವೆ ಹಾರಲು;
ಕಂಕುಳಲ್ಲಿ ಒಂದು ಕಂತೆ ಬಿದಿರ ಕಡ್ಡಿ.
ಸಂಬಳವಿಲ್ಲ. ಎಪ್ಪತ್ತಮೂರರ ಮಂಡಿಗೆ
ಸಂಬಳ ಕೊಡುವವರೂ ಇಲ್ಲ.

ಗೂಡು ಹುಡುಕುವುದೆಂದರೆ ಹುಡುಕದೆ ನಿಲ್ಲುವುದು,
ದಂಡೆಯ ಮೇಲೆ, ಬೇಲಿಗೂಟದ ಹಾಗೆ.
ಜುಟ್ಟಿನ ಟಿಟ್ಟಿಭ ಕೂಗಿ ಕರೆದಲ್ಲಿ ಗೂಡಿಲ್ಲ;
ಎಲ್ಲಿಂದ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ,
ನಾಲ್ಕು ಹೆಜ್ಜೆ ಓಡಿ, ಆಮೇಲೆ ಹಾರಿತೋ
ಅಲ್ಲಿ. ಕಣ್ಣು ಕೀಳದೆ ನಡೆ.
ಗೊರಸಿನಷ್ಟು ಗುಂಡಿ, ಒಂದಿಷ್ಟು ಒಣ ಎಸಳು,
ನಾಲ್ಕು ಮೊಟ್ಟೆ, ಚೂಪು ತುದಿ ಒಳಕ್ಕೆ,
ತಲೆ ಕೂಡಿಸಿ ಗುಟ್ಟಾಡುವವರ ಹಾಗೆ.

ಈ ಕಡೆ ಐದು ಹೆಜ್ಜೆಗೆ ಒಂದು ಕಡ್ಡಿ,
ಆ ಕಡೆ ಐದು ಹೆಜ್ಜೆಗೆ ಇನ್ನೊಂದು.
ನಡುವೆ ಏನಿದೆಯೆಂದು ಡೂಕೆಗೆ ಗೊತ್ತು.
ಅವನ ಟ್ರ್ಯಾಕ್ಟರು ಮನೆಯಷ್ಟೆತ್ತರ, ರೇಡಿಯೋ ಜೋರು;
ಆದರೂ ಕಡ್ಡಿ ಕಂಡರೆ ಬ್ಲೇಡು ಎತ್ತುತ್ತಾನೆ,
ಬೋಳು ಹೊಲದಲ್ಲಿ ಒಂದು ಕುರುಚಲು ದ್ವೀಪ ಬಿಟ್ಟು
ಮುಂದೆ ಹೋಗುತ್ತಾನೆ.
ಒಮ್ಮೆ ಎತ್ತಲಿಲ್ಲ.
ಆ ದಿನದ ಮಾತು ನಾವಿಬ್ಬರೂ ಆಡುವುದಿಲ್ಲ.

“ಎಲ್ಲಿ ಕಲಿತಿರಿ ಈ ಕಣ್ಣು?” ಎಂದಳು
ನಮ್ಮ ಜೊತೆ ಹೊಸದಾಗಿ ಸೇರಿದ ನಿಂಕೆ, ಶಾಲೆಯ ಟೀಚರು.
ಗಾಳಿಗೆ ಕೇಳಿಸಲಿಲ್ಲ ಎಂಬಂತೆ ನಿಂತೆ.
ಕಳ್ಳನ ಮನಸ್ಸು ಹುಳ್ಳಹುಳ್ಳಗೆ.
ಒಂಬತ್ತನೆಯ ವಯಸ್ಸಿಗೆ, ಅಪ್ಪನ ಬೆನ್ನ ಹಿಂದೆ,
ಇದೇ ದಂಡೆಯಲ್ಲಿ ಕಲಿತೆನಮ್ಮಾ,
ಎತ್ತಿಕೊಳ್ಳಲು.
ನೀರಿಗೆ ಬಿಟ್ಟು ನೋಡುತ್ತಿದ್ದೆವು.
ತೇಲಿತೋ, ಒಳಗೆ ಮರಿಯಿದೆ, ವಾಪಸು.
ಮುಳುಗಿತೋ, ಹೊಸದು. ಟೋಪಿಯೊಳಗೆ.
ಟೋಪಿ ತಲೆಯ ಮೇಲೆ. ಬೆಚ್ಚಗೆ ಮನೆಗೆ.
ಆಗ ಅದು ಕಳವಲ್ಲ, ಹಬ್ಬ;
ವರ್ಷದ ಮೊದಲ ಮೊಟ್ಟೆ ಸಿಕ್ಕವನ ಕೈ
ಊರೇ ಕುಲುಕುತ್ತಿತ್ತು.
ಹಕ್ಕಿ ಕಡಿಮೆಯಾಯಿತು, ಕಾನೂನು ಬಂತು.
ಕಾನೂನಿನ ಹಿಂದೆ ನಾವು ಬಂದೆವು,
ಅದೇ ಕಣ್ಣು, ಅದೇ ಗಳ, ಖಾಲಿ ಟೋಪಿ.

ಮಧ್ಯಾಹ್ನ ಮನೆ. ಗಳ ಒಳಗಿಡಲು
ಷೆಡ್ಡಿನ ಚಿಲಕಕ್ಕೆ ಕೈ ಹಾಕಿದೆ.
“ಬೇಡ,” ಅಡುಗೆಮನೆ ಕಿಟಕಿಯಿಂದ ಶೌಕ್ಯೆ,
“ಅಲ್ಲೇ ಹೊರಗೆ ಇಡು.”
ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ.
“ಮೊಳೆಗೆ ತೂಗಿದ ನಿನ್ನ ಹಳೆ ಮಳೆಕೋಟು. ಎಡ ಜೇಬು.
ಗುಬ್ಬಿಗಿಂತ ಪುಟ್ಟದು, ಬಾಲ ಎತ್ತಿದ್ದು,
ಒಡೆದ ಗಾಜಿನ ಕಿಂಡಿಯಿಂದ ಬರುತ್ತದೆ.
ಹದಿಮೂರು ದಿನವಾಯಿತು.”

ಹದಿಮೂರು ದಿನ!
ಬೆಳಗಾದರೆ ಗಳ, ಕಡ್ಡಿ, ಸೈಕಲ್ಲು ಗೇಟಿನ ಬಳಿ ತಯಾರು,
ಸಂಜೆ ತಾನೇ ತೆಗೆದಿಡುವಳು.
ಮುದುಕನ ಮೇಲೆ ಪ್ರೀತಿ ಉಕ್ಕಿತೆಂದುಕೊಂಡಿದ್ದೆ.
ಷೆಡ್ಡಿನ ಬಾಗಿಲಿಗೆ ಐದು ಹೆಜ್ಜೆ ಈಚೆ
ನನ್ನದೇ ಕಂತೆಯ ಒಂದು ಕಡ್ಡಿ;
ಬಟಾಣಿ ಬಳ್ಳಿಗೆ ನೆಟ್ಟಿರಬೇಕೆಂದುಕೊಂಡಿದ್ದೆ.

“ಹೇಳಬಹುದಿತ್ತಲ್ಲ ನನಗೆ?”
ಆಲೂಗಡ್ಡೆ ತಿರುಗಿಸಿದಳು. ಸಿಪ್ಪೆ ಉದ್ದಕ್ಕೆ ಇಳಿಯಿತು.
“ಮದುವೆಗೆ ಮುಂಚೆ ಮೊದಲ ಸಲ ಬಂದಾಗ
ಟೋಪಿ ತೆಗೆದು ಏನು ಕೊಟ್ಟೆ, ನೆನಪಿದೆಯಾ?”
ಇದೆ. ಹಸಿರು ಮೈ, ಕಪ್ಪು ಚುಕ್ಕೆ. ಚೆಂದದ್ದನ್ನೇ ಆರಿಸಿದ್ದೆ.
“ಹತ್ತಿಯಲ್ಲಿ ಸುತ್ತಿ ಒಲೆಯ ಮಗ್ಗುಲಿಗಿಟ್ಟು
ನಾಲ್ಕು ವಾರ ಕಾದೆ.”

ಬೇಯಿಸಿ ತಿಂದಿದ್ದಾಳೆಂದು
ಐವತ್ತು ವರ್ಷ ತಿಳಿದಿದ್ದೆ ನಾನು.

ಗಳ ಗೋಡೆಗೆ ಒರಗಿಸಿದೆ. ನೆನೆದರೆ ನೆನೆಯಲಿ.
ಬೂಟು ಕಳಚುತ್ತ ಮೆಲ್ಲಗೆ ಹೇಳಿದೆ,
“ಆ ಜೇಬಿನಲ್ಲಿ ನನ್ನ ಕನ್ನಡಕ ಇತ್ತು.”
“ಇದೆ,” ಎಂದಳು. “ಅದರ ಮೇಲೇ ಕೂತಿದೆ.
ಜೂನ್ ತನಕ ಕಣ್ಣು ಕಿರಿದು ಮಾಡಿಕೊಂಡು ಓದು.”